ರಾಜಕೀಯ ನಾಯಕರೊಬ್ಬರ ಜೆರ್ಸಿ ಸಂಖ್ಯೆಗೆ ಅಮೆರಿಕದ ಕಾಲೇಜು ತಂಡ ನಿವೃತ್ತಿ ಕೊಡಲಿ (ಅಂದರೆ ಆ ಸಂಖ್ಯೆಯನ್ನು ಮುಂದೆ ಯಾರಿಗೂ ಕೊಡದಿರಲಿ) ಎಂದು ಅಭಿಮಾನಿಗಳು ಅಭಿಯಾನ ಮಾಡಿದರೆ ಫಲ ಸಿಗುತ್ತದೆಯೇ?

ಸಿಗಬಹುದು. ಆದರೆ ಆ ನಾಯಕ ಆ ಕಾಲೇಜಿನ ಪರ ನಿಜಕ್ಕೂ ಆಡಿರಬೇಕು. ಬರೀ ಪಕ್ಷಾಭಿಮಾನ ಹೊತ್ತು ಹೋದರೆ ಅರ್ಧ ಜನ ಎದುರು ನಿಲ್ಲುತ್ತಾರೆ.

ಅಮೆರಿಕದ ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರನ್ನೇ ನೋಡಿ. 1932 ಮತ್ತು 1933ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಮಿಶಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿದ್ದವರು. 1934ರಲ್ಲಿ ಅದೇ ತಂಡ ಎಂಟರಲ್ಲಿ ಒಂದೇ ಪಂದ್ಯ ಗೆದ್ದು ಮಣ್ಣುಮುಕ್ಕಿತು. ಆ ವರ್ಷವೇ ಸಹ ಆಟಗಾರರು ಫೋರ್ಡ್ ಅವರನ್ನು ತಂಡದ ಅತ್ಯುತ್ತಮ ಆಟಗಾರ ಎಂದು ಆರಿಸಿದರು. (ನನಗೆ ಎರಡು ಚಾಂಪಿಯನ್‌ಷಿಪ್‌ಗಿಂತ ಇದೇ ದೊಡ್ಡದು.) ಅವರ 48ನೇ ಸಂಖ್ಯೆಗೆ ವಿಶ್ವವಿದ್ಯಾಲಯ ನಿವೃತ್ತಿ ಕೊಟ್ಟಿದ್ದು 1994ರಲ್ಲಿ, ಅಧ್ಯಕ್ಷಗಿರಿ ಮುಗಿದು ಹದಿನೇಳು ವರ್ಷಗಳಾದ ಮೇಲೆ.

ತೊಡಕು ಇರುವುದು ಸಂಖ್ಯೆಗಳಲ್ಲಿ. ತಂಡದಲ್ಲಿ ನೂರಕ್ಕೂ ಹೆಚ್ಚು ಹುಡುಗರಿರುತ್ತಾರೆ, ಸಂಖ್ಯೆಗಳು 99ಕ್ಕೇ ಮುಗಿಯುತ್ತವೆ. 2012ರಲ್ಲಿ ಮಿಶಿಗನ್ 48ನ್ನು ಮತ್ತೆ ಬಳಕೆಗೆ ತಂದು, ತೊಟ್ಟವನ ಜೆರ್ಸಿಗೆ ಫೋರ್ಡ್ ಹೆಸರಿನ ಪ್ಯಾಚ್ ಹೊಲಿಸಿತು. 2015ರಲ್ಲಿ ಆ ಪದ್ಧತಿಯನ್ನೂ ಕೈಬಿಟ್ಟಿತು.

ಎಷ್ಟೇ ಸಹಿ ಸಂಗ್ರಹಿಸಿದರೂ ತೀರ್ಮಾನ ವಿಶ್ವವಿದ್ಯಾಲಯದ್ದೇ. ನಿವೃತ್ತಿಗಿಂತ ಪ್ಯಾಚ್ ಅಥವಾ ಒಂದು ಪಂದ್ಯದ ಗೌರವ ಕೇಳಿದರೆ ಒಪ್ಪಿಸುವುದು ಸುಲಭ.