ಕೆಲಸ ಬಿಟ್ಟು ಕಾಮಿಕ್ಸ್ ಬರೆಯಬಹುದೇ?

(ರಾಜಾಜಿನಗರದ ಓದುಗರೊಬ್ಬರು ತಾವು ಬಿಡಿಸಿದ ಎರಡು ಪುಟಗಳ ಚಿತ್ರಕಥೆಯನ್ನು ಲಗತ್ತಿಸಿ, ಲೆಕ್ಕಪತ್ರ ವಿಭಾಗದ ನೌಕರಿಯನ್ನು ಬಿಟ್ಟು ಕಾಮಿಕ್ಸನ್ನೇ ವೃತ್ತಿಯಾಗಿಸಿಕೊಳ್ಳಬಹುದೇ, ಅದಕ್ಕೆ ಕಲಾಶಾಲೆ ಸೇರಲೇಬೇಕೇ ಎಂದು ಕೇಳಿದ್ದಾರೆ.)

ಮಾನ್ಯರೇ,

ಸದ್ಯಕ್ಕೆ ನೌಕರಿ ಬಿಡಬೇಡಿ. ನಿಮ್ಮ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ಕ್ಷೇತ್ರದಲ್ಲಿ ಸಂಬಳ ತರುವ ಕೆಲಸವೆಂದರೆ ಬಹುಮಟ್ಟಿಗೆ ಬೇರೆಯವರ ಕಥೆಗೆ ಚಿತ್ರ ಬರೆಯುವುದು. ನೀವೋ ನಿಮ್ಮ ಅಜ್ಜಿಯ ಊರಿನ ಕೆರೆಯ ಕಥೆ ಹೇಳಲು ಹೊರಟವರು. 1967ರಲ್ಲಿ ಅಮರ ಚಿತ್ರಕಥೆಯನ್ನು ಆರಂಭಿಸಿದ ಕಾರ್ಕಳದ ಅನಂತ ಪೈಯವರು ಬರೆದು, ಸಂಪಾದಿಸಿ ಹೆಸರಾದವರು. ಅಲ್ಲಿನ 'ಕೃಷ್ಣ'ನಿಗೆ ಚಿತ್ರ ಬರೆದವರು ರಾಮ್ ವಾಯೀರ್‌ಕರ್. ಕೆಲಸ ಹೀಗೆ ಹಂಚಿಹೋಗುವುದರಲ್ಲಿ ತಪ್ಪೇನೂ ಇಲ್ಲ, ಆದರೆ ನಿಮ್ಮ ಪತ್ರದಲ್ಲಿರುವ ಆಸೆ ಅದಲ್ಲ.

ಇದಕ್ಕೆ ಕಾನೂನಿನ ಮುಖವೂ ಉಂಟು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಉದ್ಯೋಗದ ಭಾಗವಾಗಿ ಬರೆದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಾಮಾನ್ಯವಾಗಿ ಉದ್ಯೋಗದಾತನೇ ಮೊದಲ ಹಕ್ಕುದಾರ. ಸ್ವತಂತ್ರವಾಗಿ ಬರೆದದ್ದರ ಹಕ್ಕನ್ನು ಲಿಖಿತವಾಗಿ, ಸಹಿ ಹಾಕಿಯೇ ವರ್ಗಾಯಿಸಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಕ್ಕೆ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತ. ಪ್ರಕಾಶಕರು ಕೊಡುವ ಕಾಗದದಲ್ಲಿ 'ಎಲ್ಲ ಹಕ್ಕುಗಳೂ, ಶಾಶ್ವತವಾಗಿ' ಎಂಬ ಸಾಲು ಕಂಡರೆ ಸಹಿ ಹಾಕುವ ಮುನ್ನ ಅದನ್ನು ತಿದ್ದಲು ಕೇಳಿ. ತಿಂಗಳ ಸಂಬಳ ಬರುತ್ತಿರುವವರಿಗೆ ಹಾಗೆ ಕೇಳುವ ಧೈರ್ಯ ಇರುತ್ತದೆ. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆಯನ್ನು ಆರಂಭಿಸಿದ ರಾಶಿಯವರು (ಡಾ. ಎಂ. ಶಿವರಾಂ) ವೃತ್ತಿಯಿಂದ ವೈದ್ಯರಾಗಿದ್ದರು ಎಂಬುದನ್ನೂ, ಆರ್. ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಆ ಪತ್ರಿಕೆಗೆ ಚಿತ್ರ ಬರೆದರೆಂಬುದನ್ನೂ ಇಲ್ಲಿ ನೆನೆಯಬಹುದು.

ಇನ್ನು ನಿಮ್ಮ ಪುಟಗಳು. ರೇಖೆ ಚೆನ್ನಾಗಿದೆ, ಕೆಟ್ಟಿರುವುದು ಅಕ್ಷರ. ಚಿತ್ರವನ್ನೆಲ್ಲ ಮುಗಿಸಿ, ಉಳಿದ ಮೂಲೆಯಲ್ಲಿ ಮಾತಿನ ಬಲೂನನ್ನು ತುರುಕಿದ್ದೀರಿ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಸಾಮಾನ್ಯವಾಗಿ ದೊಡ್ಡಕ್ಷರಗಳನ್ನೇ ಬಳಸುವುದರಿಂದ ಸಾಲುಗಳನ್ನು ಒತ್ತಾಗಿ ಜೋಡಿಸಲು ಬರುತ್ತದೆ, ಆದರೆ ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಇರುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬಿಡದಿದ್ದರೆ ಒಂದು ಸಾಲಿನ ಒತ್ತು ಮುಂದಿನ ಸಾಲಿನ ತಲೆಗೆ ತಾಗುತ್ತದೆ. 'ಹೋಗುತ್ತಿದ್ದಾರಂತೆ' ಎಂಬ ಒಂದೇ ಪದಕ್ಕೆ ನಿಮ್ಮ ಸಣ್ಣ ಬಲೂನು ಸಾಲದಾಗಿ, ಅದು ಮೂರು ತುಂಡಾಗಿದೆ. ಆದ್ದರಿಂದ ಪೆನ್ಸಿಲ್ ಹಂತದಲ್ಲೇ ಮಾತನ್ನು ಬರೆದು, ಬಲೂನಿನ ಜಾಗ ಕಾದಿರಿಸಿ, ಆಮೇಲೆ ಆಕೃತಿಗಳನ್ನು ಕೂರಿಸಿ. ಮೊದಲು ಮಾತಾಡುವವನು ಚೌಕಟ್ಟಿನ ಎಡಗಡೆ ಇರಲಿ. ನಿಮ್ಮ ಎರಡನೆಯ ಪುಟದಲ್ಲಿ ಉತ್ತರ ಓದಿದ ಮೇಲೆ ಪ್ರಶ್ನೆ ಸಿಗುತ್ತದೆ. ಫೋಟೋಶಾಪ್‌ನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬರುತ್ತಿದ್ದರೆ, ಯೂನಿಕೋಡ್ ಅಕ್ಷರಗಳನ್ನು ಬಳಸಿ, ಹಳೆಯ ಆವೃತ್ತಿಯಾದರೆ ಪಠ್ಯದ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಜೋಡಣೆಯನ್ನೂ ಚಾಲೂ ಮಾಡಿ.

ಕಲಾಶಾಲೆ ಕಡ್ಡಾಯವಲ್ಲ. ಚಿತ್ರಕಲಾ ಪರಿಷತ್ತಿನಂಥ ಕಡೆ ದೇಹರಚನೆ, ದೂರ-ಹತ್ತಿರಗಳ ಅಭ್ಯಾಸ ದೊರೆಯುತ್ತದೆ ನಿಜ, ಆದರೆ ಕಥೆಯನ್ನು ಚೌಕಟ್ಟುಗಳಾಗಿ ಒಡೆಯುವ ವಿದ್ಯೆ ಪುಟ ಮುಗಿಸಿಯೇ ಬರಬೇಕು. ಬಿಡುವಾದಾಗ ಎಂ.ಜಿ. ರಸ್ತೆಯ ಸಮೀಪದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಹೋಗಿ, ರೇಖೆಗಳನ್ನು ಹತ್ತಿರದಿಂದ ನೋಡಿ ಬನ್ನಿ.

ಕೆರೆಯ ಕಥೆಯನ್ನು 8 ಪುಟಗಳಲ್ಲಿ ಮುಗಿಸಿ. ಎ4 ಅಳತೆಯ ಎರಡು ಹಾಳೆಗಳನ್ನು ಎರಡೂ ಬದಿ ಜೆರಾಕ್ಸ್ ಮಾಡಿಸಿ, ನಡುವೆ ಮಡಿಸಿ ಪಿನ್ ಹೊಡೆದರೆ ಪುಸ್ತಿಕೆ ಸಿದ್ಧ. ಅದರ ಒಂದು ಪ್ರತಿಯನ್ನು ನಮಗೂ ಕಳುಹಿಸಿ. ಪ್ರಕಟಿಸುವುದಾದರೆ ಸಂಭಾವನೆಯನ್ನೂ ಹಕ್ಕಿನ ಅವಧಿಯನ್ನೂ ಮೊದಲೇ ಬರೆದು ತಿಳಿಸುತ್ತೇವೆ.

– ಸಂಪಾದಕ