ಓದುಗರ ಪ್ರಶ್ನೆ: ಮನೆಯಲ್ಲೇ ವೆಲ್ಡಿಂಗ್ ಕಲಿಯಬಹುದಾ? ಮೊದಲು ಯಾವ ಮೆಷಿನ್ ಕೊಳ್ಳಲಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ವೆಲ್ಡಿಂಗ್ ಬಗ್ಗೆಯೇ ಇವೆ. ಹಾಗಾಗಿ ಪುಟ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ನಿಂತು ಕಲಿತದ್ದನ್ನು ಇದ್ದ ಹಾಗೇ ಹೇಳುತ್ತೇನೆ.

ಪ್ರಶ್ನೆ: ನಮಸ್ಕಾರ ಸಾರ್. ನಮ್ಮದು ಸಾಗರ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟ. ಗೇಟು ಬಿಟ್ಟರೂ ಕೈಗಾಡಿ ಮುರಿದರೂ ಪೇಟೆಗೆ ಹೊತ್ತುಕೊಂಡು ಹೋಗಬೇಕು, ಅರ್ಧ ದಿನ ಅಲ್ಲೇ ಹೋಗುತ್ತದೆ. ನಾನೇ ಕಲಿಯೋಣ ಅಂತ ಹತ್ತು ಸಾವಿರ ಎತ್ತಿಟ್ಟಿದ್ದೇನೆ. ಅಂಗಡಿಯವರು ಮಿಗ್ (ರಾಡಿನ ಬದಲು ವೈರ್ ತಾನಾಗಿ ಬಂದು ಕರಗುವ ಮೆಷಿನ್) ತಗೊಳ್ಳಿ ಅಂತಾರೆ. ಪರಿಚಯದ ವೆಲ್ಡರ್ ಒಬ್ಬರು ಹಳೇ ಟ್ರಾನ್ಸ್‌ಫಾರ್ಮರ್ ಮೆಷಿನ್ನೇ ಗಟ್ಟಿ ಅಂತಾರೆ. ಯಾವುದು ಸರಿ? ನಾನು ಇದುವರೆಗೆ ಹೋಲ್ಡರ್ (ವೆಲ್ಡಿಂಗ್ ರಾಡ್ ಸಿಕ್ಕಿಸುವ ಹಿಡಿಕೆ) ಹಿಡಿದವನೇ ಅಲ್ಲ.

ಉತ್ತರ: ನಿಮಗೆ ಬೇಕಾದದ್ದು ರಾಡ್ ಹಾಕಿ ಮಾಡುವ ಸಾಮಾನ್ಯ ಆರ್ಕ್ ವೆಲ್ಡಿಂಗ್, ಅಂದರೆ ರಾಡಿಗೂ ಕಬ್ಬಿಣಕ್ಕೂ ನಡುವೆ ಹತ್ತುವ ಕಿಡಿಯ (ಆರ್ಕ್) ಶಾಖದಲ್ಲಿ ಎರಡನ್ನೂ ಕರಗಿಸಿ ಬೆಸೆಯುವುದು. ಅದೂ ಸಿಂಗಲ್ ಫೇಸ್‌ನ ಸಣ್ಣ ಇನ್ವರ್ಟರ್ ಮೆಷಿನ್. ಕರೆಂಟ್ ಹೋದಾಗ ದೀಪ ಉರಿಸುವ ಇನ್ವರ್ಟರ್ ಅಲ್ಲ, ಎಲೆಕ್ಟ್ರಾನಿಕ್ ಬೋರ್ಡ್ ಇರುವ ಹಗುರ ವೆಲ್ಡಿಂಗ್ ಮೆಷಿನ್. ನಿಜವಾಗಿಯೂ 160 ರಿಂದ 200 ಆಂಪ್ ಕೊಡುವಂಥದ್ದು ಧಾರಾಳ ಸಾಕು.

ಮಿಗ್ ಕೆಟ್ಟದ್ದು ಅಂತ ಅಲ್ಲ. ಕಲಿಯಲು ಅದೇ ಸುಲಭ ಕೂಡ. ಆದರೆ ಅದಕ್ಕೆ ಗ್ಯಾಸ್ ಸಿಲಿಂಡರ್ ಬೇಕು, ಗಾಳಿ ಬೀಸಿದರೆ ಗ್ಯಾಸ್ ಹಾರಿಹೋಗಿ ವೆಲ್ಡ್ ತೂತು ತೂತಾಗುತ್ತದೆ. ತೋಟದ ಗೇಟನ್ನು ಬಯಲಲ್ಲೇ ತಾನೇ ವೆಲ್ಡ್ ಮಾಡಬೇಕು? ಗ್ಯಾಸ್ ಬೇಡದ ವೈರೂ ಇದೆ. ಆದರೆ ಖರ್ಚು ಜಾಸ್ತಿ, ನಿಮ್ಮೂರಿನ ಅಂಗಡಿಯಲ್ಲಿ ಸಿಗುತ್ತದೋ ಇಲ್ಲವೋ ಅಂತ ಪ್ರತಿ ಸಲ ಪರದಾಡಬೇಕು. ರಾಡಾದರೆ ಹಾರ್ಡ್‌ವೇರ್ ಅಂಗಡಿಯಲ್ಲೆಲ್ಲ ಸಿಗುತ್ತದೆ.

ಟ್ರಾನ್ಸ್‌ಫಾರ್ಮರ್ ಮೆಷಿನ್ ಗಟ್ಟಿ ಅನ್ನುವ ಮಾತೂ ನಿಜ. ಎಣ್ಣೆಯಲ್ಲಿ ತಣ್ಣಗಾಗುವ ನಮ್ಮ ಶೆಡ್ಡಿನ ಹಳೇ ಮೆಷಿನ್ ಇವತ್ತಿಗೂ ಓಡುತ್ತಿದೆ. ಆದರೆ ಅದನ್ನು ಇಬ್ಬರು ಸೇರಿದರೂ ಎತ್ತಲು ಆಗುವುದಿಲ್ಲ, ಅಂಥ ಬಹಳಷ್ಟು ಮೆಷಿನ್‌ಗಳಿಗೆ ತ್ರೀ ಫೇಸ್‌ನ ಎರಡು ಲೈನ್ ಬೇಕು, ಮನೆ ಕರೆಂಟಿನಲ್ಲಿ ಓಡುವುದಿಲ್ಲ. ಇನ್ವರ್ಟರನ್ನು ಒಂದೇ ಕೈಯಲ್ಲಿ ಹಿಡಿದು ತೋಟದ ಮೂಲೆಗೆ ಹೋಗಬಹುದು. ಆರ್ಕ್ ಬೇಗ ಹತ್ತುತ್ತದೆ, ಕಡಿಮೆ ಆಂಪ್‌ನಲ್ಲೂ ನಿಲ್ಲುತ್ತದೆ. ಹೊಸಬರಿಗೆ ಇದು ದೊಡ್ಡ ಅನುಕೂಲ.

ಕೊಳ್ಳುವಾಗ ಮುಂದೆ ದೊಡ್ಡದಾಗಿ ಬರೆದ ನಂಬರ್ ನಂಬಬೇಡಿ. 400 ಅಂತ ಬರೆದಿರುತ್ತದೆ, ಎಷ್ಟೋ ಸಲ ಅದು ಬರೀ ಮಾಡೆಲ್ ಹೆಸರು. ಹಿಂದುಗಡೆ ಅಥವಾ ಬದಿಯಲ್ಲಿ ಒಂದು ತಗಡಿನ ಪಟ್ಟಿ ಇರುತ್ತದೆ, ಅದನ್ನು ಓದಿ. ಅಲ್ಲಿ ಡ್ಯೂಟಿ ಸೈಕಲ್ ಅಂತ ಇರುತ್ತದೆ. 160 ಆಂಪ್‌ಗೆ 60% ಅಂತ ಇದ್ದರೆ, ಹತ್ತು ನಿಮಿಷದಲ್ಲಿ ಆರು ನಿಮಿಷ ಉರಿಸಬಹುದು, ನಾಲ್ಕು ನಿಮಿಷ ಬಿಡಬೇಕು ಅಂತ ಅರ್ಥ. ಆ ಪಟ್ಟಿಯೇ ಇಲ್ಲದ ಮೆಷಿನ್ ನನಗೆ ಬೇಡ. ಇನ್ನೊಂದು, ಕೆಟ್ಟರೆ ರಿಪೇರಿ ಎಲ್ಲಿ ಮಾಡಿಸಬೇಕು ಅಂತ ಕೇಳಿ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋದರೆ ಸಾಲು ಸಾಲು ಮೆಷಿನ್ ಸಿಗುತ್ತವೆ, ಕಮ್ಮಿಗೂ ಸಿಗಬಹುದು. ಆದರೆ ಬೋರ್ಡ್ ಹೋದಾಗ ಸಾಗರದಿಂದ ಅಲ್ಲಿಗೆ ಹೊರಡಬೇಕಾಗುತ್ತದೆ, ಅಲ್ವಾ? ಶಿವಮೊಗ್ಗದಲ್ಲಿ ಸರ್ವಿಸ್ ಇರುವುದನ್ನೇ ಆರಿಸಿ.

ಹತ್ತು ಸಾವಿರವನ್ನೂ ಮೆಷಿನ್‌ಗೇ ಸುರಿಯಬೇಡಿ. ಮೂರರಲ್ಲಿ ಒಂದು ಪಾಲು ಎತ್ತಿಡಿ. ಅದರಲ್ಲಿ ಮೊದಲು ತಾನಾಗಿಯೇ ಕಪ್ಪಾಗುವ ಹೆಲ್ಮೆಟ್. ಸಾಮಾನ್ಯವಾಗಿ ಮೆಷಿನ್ ಜೊತೆ ಕೊಡುವುದು ಕೈಯಲ್ಲಿ ಹಿಡಿಯುವ ಕರಿ ಗ್ಲಾಸಿನ ಸ್ಕ್ರೀನ್. ಒಂದು ಕೈಯಲ್ಲಿ ಸ್ಕ್ರೀನ್, ಇನ್ನೊಂದರಲ್ಲಿ ಹೋಲ್ಡರ್ ಹಿಡಿದರೆ ಕಲಿಯುವವರ ಕೈ ನಡುಗುತ್ತದೆ, ರಾಡ್ ತಾಗಿಸುವ ಹೊತ್ತಿಗೆ ಜಾಗ ತಪ್ಪುತ್ತದೆ, ಆಮೇಲೆ ಸ್ಕ್ರೀನ್ ಸರಿಸಿ ಇಣುಕುತ್ತಾರೆ. ಕಣ್ಣು ಹೋಗುವುದು ಅಲ್ಲೇ. ಹೆಲ್ಮೆಟ್ ಇದ್ದರೆ ಎರಡೂ ಕೈ ಬಿಡುವು. ನಿಮ್ಮ ಕೆಲಸಕ್ಕೆ 10ನೇ ನಂಬರ್ ಕಪ್ಪು ಸರಿ, ಕಣ್ಣಿಗೆ ಚುಚ್ಚಿದರೆ 11 ಇಟ್ಟುಕೊಳ್ಳಿ. ಆಮೇಲೆ ಚರ್ಮದ ಗ್ಲೌಸ್, ಚಿಪ್ಪಿಂಗ್ ಸುತ್ತಿಗೆ, ವೈರ್ ಬ್ರಷ್, ಎರಡು ಸಿ ಕ್ಲ್ಯಾಂಪ್, ಒಂದು ಮೂಲೆಮಟ್ಟ. ಗ್ರೈಂಡರ್ ಸದ್ಯಕ್ಕೆ ಯಾರದ್ದಾದರೂ ಕೇಳಿ ತಂದರೂ ನಡೆಯುತ್ತದೆ, ಆದರೆ ಅದನ್ನು ಹಿಡಿಯುವಾಗ ಬಿಳಿ ಕನ್ನಡಕ ಇರಲೇಬೇಕು.

ಈಗ ಕಲಿಯುವ ವಿಷಯ. ಗೇಟಿನ ಮೇಲೆ ಕಲಿಯಬೇಡಿ. 50 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್, ಸಾಮಾನ್ಯ ಕಬ್ಬಿಣ) ಪಟ್ಟಿ ಎರಡು ಮೀಟರ್ ತನ್ನಿ, ಐದು ಕೆ.ಜಿ.ಯೂ ಆಗುವುದಿಲ್ಲ. ಗುಜರಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಗೇಣುದ್ದ ತುಂಡು ಮಾಡಿ, ತುಕ್ಕು ಉಜ್ಜಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. 6013 ನಂಬರಿನ 2.5 ಮಿ.ಮೀ. ರಾಡ್ ಒಂದು ಪ್ಯಾಕೆಟ್ ತನ್ನಿ. ಅದೋರ್, ಇಸಾಬ್, ಡಿ ಅಂಡ್ ಎಚ್ ಯಾವುದಾದರೂ ಆಗಬಹುದು, ಪ್ಯಾಕೆಟ್ ಮೇಲೆ ಐಎಸ್ 814 (ರಾಡಿನ ಭಾರತೀಯ ಮಾನದಂಡ) ಅಂತ ಇದೆಯಾ ನೋಡಿಕೊಳ್ಳಿ. ಮೆಷಿನ್ 75–80 ಆಂಪ್‌ಗೆ ಇಡಿ. ಮೆಷಿನ್‌ನ ಇನ್ನೊಂದು ಕೇಬಲ್ಲಿನ ತುದಿಯಲ್ಲಿರುವ ಅರ್ತ್ ಕ್ಲ್ಯಾಂಪನ್ನು ಪಟ್ಟಿಯ ಮೇಲೆ ಬಣ್ಣ, ತುಕ್ಕು ಇಲ್ಲದ ಜಾಗಕ್ಕೆ ಗಟ್ಟಿಯಾಗಿ ಕಚ್ಚಿಸಿ. ಹೊಸಬರ ತೊಂದರೆಯಲ್ಲಿ ಎಷ್ಟೋ ಪಾಲು ಈ ಕ್ಲ್ಯಾಂಪಿನದೇ.

ಬೆಂಕಿಕಡ್ಡಿ ಗೀರಿದ ಹಾಗೆ ರಾಡ್ ಗೀರಿ, ಹತ್ತಿದ ತಕ್ಷಣ ಚೂರು ಎತ್ತಿ. ರಾಡಿಗೂ ಪಟ್ಟಿಗೂ ನಡುವೆ ರಾಡಿನ ದಪ್ಪದಷ್ಟೇ ಸಂದು, ಎರಡೂವರೆ ಮಿಲಿಮೀಟರ್. ರಾಡ್ ಉರಿದು ಗಿಡ್ಡ ಆಗುತ್ತಾ ಹೋಗುತ್ತದೆ, ಆದ್ದರಿಂದ ಕೈ ಸಾಗುವ ದಿಕ್ಕಿಗೆ ಹೋಗುವುದರ ಜೊತೆಗೆ ಸುಮ್ನೆ ನಿಧಾನ ಕೆಳಗೂ ಇಳಿಯುತ್ತಿರಬೇಕು. ಈ ಎರಡು ಚಲನೆ ಒಟ್ಟಿಗೆ ಕೂಡಿಬರಲು ಒಂದು ವಾರ ಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಸಂದು ಸರಿ ಇದ್ದರೆ ಹಪ್ಪಳ ಕರಿಯುವ ಸದ್ದು ಬರುತ್ತದೆ, ಒಂದೇ ಸಮ. ದೂರ ಹೋದರೆ ಬುಸುಗುಟ್ಟುತ್ತದೆ, ಕಿಡಿ ಚೆಲ್ಲಾಡುತ್ತದೆ.

ಎಲ್ಲಕ್ಕಿಂತ ಮುಖ್ಯ, ಎಲ್ಲಿ ನೋಡಬೇಕು ಅನ್ನುವುದು. ಹೊಸಬರೆಲ್ಲ ಆರ್ಕಿನ ಬೆಳಕನ್ನೇ ನೋಡುತ್ತಾರೆ. ಬೆಳಕು ಏನೂ ಹೇಳುವುದಿಲ್ಲ. ಅದರ ಹಿಂದೆ, ಬೆರಳ ಉಗುರಿನಷ್ಟು ಜಾಗದಲ್ಲಿ, ಕರಗಿದ ಕಬ್ಬಿಣ ನೀರಿನ ಹಾಗೆ ನಯವಾಗಿ ನಿಂತಿರುತ್ತದೆ. ಅದರ ಬೆನ್ನಿಗೇ ಸ್ಲ್ಯಾಗ್, ಅಂದರೆ ಕಿಟ್ಟ, ಹಾಲಿನ ಕೆನೆ ಸರಿದ ಹಾಗೆ ಹೊರಳುತ್ತಾ ಬರುತ್ತದೆ. ಆ ಕೆನೆ ಯಾವಾಗಲೂ ಹಿಂದೆಯೇ ಇರಬೇಕು. ಮುಂದೆ ನುಗ್ಗಿತೋ, ಕಿಟ್ಟ ಒಳಗೇ ಸಿಕ್ಕಿಕೊಂಡು ವೆಲ್ಡ್ ಟೊಳ್ಳಾಗುತ್ತದೆ. ಆಗ ರಾಡಿನ ಮೇಲ್ತುದಿಯನ್ನು ಸಾಗುವ ಕಡೆಗೆ ಇನ್ನೂ ಸ್ವಲ್ಪ ವಾಲಿಸಿ, ಇಲ್ಲವೇ ಐದು ಆಂಪ್ ಏರಿಸಿ. ನನಗೆ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಹೋಲ್ಡರ್ ಕೊಡಲಿಲ್ಲ. ಎರಡು ದಿನ ಕರಿ ಗ್ಲಾಸ್ ಹಿಡಿಸಿ ಪಕ್ಕದಲ್ಲಿ ಕೂರಿಸಿದರು, ಕರಗಿದ್ದು ಯಾವುದು, ಕಿಟ್ಟ ಯಾವುದು ಅಂತ ಕೇಳುತ್ತಿದ್ದರು. ನಿಮ್ಮ ಪರಿಚಯದ ವೆಲ್ಡರ್ ಪಕ್ಕದಲ್ಲೂ ಹೀಗೆ ಒಂದು ದಿನ ಕೂತುಬನ್ನಿ. ಎರಡು ಪ್ಯಾಕೆಟ್ ರಾಡ್ ಉಳಿಯುತ್ತದೆ.

ಗೆರೆ ನೇರ ಬಂದ ಮೇಲೆ ಎರಡು ಪಟ್ಟಿಯನ್ನು ಟಿ ಆಕಾರಕ್ಕೆ ನಿಲ್ಲಿಸಿ ಒಂದೇ ಕಡೆ ವೆಲ್ಡ್ ಮಾಡಿ. ಆಮೇಲೆ ವೈಸಿನಲ್ಲಿ ಕಚ್ಚಿಸಿ, ವೆಲ್ಡ್ ಇರುವ ಕಡೆಗೇ ಬಗ್ಗುವ ಹಾಗೆ ಸುತ್ತಿಗೆಯಿಂದ ಹೊಡೆಯಿರಿ. ಕಿತ್ತು ಬಂದರೆ ಒಳಗೆ ನೋಡಿ. ಮೂಲೆಯ ಅಂಚು ಕರಗದೆ ಹಾಗೇ ಚೂಪಾಗಿ ಇದ್ದರೆ ನೀವು ಮೇಲೆ ಅಂಟಿಸಿದ್ದೀರಿ ಅಷ್ಟೇ. ಮೇಲಿಂದ ಎಷ್ಟು ಚೆಂದ ಕಂಡರೂ ಈ ಹೊಡೆತ ತಡೆಯದ್ದು ವೆಲ್ಡ್ ಅಲ್ಲ. ಇದು ಪಾಸಾದ ಮೇಲೆ ಕೈಗಾಡಿ, ಗೇಟು ಮುಟ್ಟಿ. ಮೆಣಸು ಕೊಯ್ಯುವ ಏಣಿ, ಉಯ್ಯಾಲೆ, ಟ್ರೈಲರ್ ಹುಕ್ ಇವುಗಳಿಗೆ ಮಾತ್ರ ಮೊದಲ ವರ್ಷ ಕೈ ಹಾಕಲೇಬೇಡಿ. ಅದರ ಮೇಲೆ ಮನುಷ್ಯರ ಜೀವ ನಿಂತಿರುತ್ತದೆ.

ನಿಮ್ಮ ಕಡೆ ಮಳೆ ಜಾಸ್ತಿ, ಅದಕ್ಕೆ ಎರಡು ಮಾತು. ರಾಡ್ ಪ್ಯಾಕೆಟ್ ಒಡೆದ ಮೇಲೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ, ಥಂಡಿ ಹಿಡಿದ ರಾಡ್ ಸಿಡಿಯುತ್ತದೆ. ಮತ್ತೆ, ಒದ್ದೆ ಗ್ಲೌಸ್‌ನಲ್ಲಿ ಹೋಲ್ಡರ್ ಮುಟ್ಟಬೇಡಿ. ಆರ್ಕ್ ಇಲ್ಲದಾಗ ಹೋಲ್ಡರಿನಲ್ಲಿ 60 ರಿಂದ 80 ವೋಲ್ಟ್ ಇರುತ್ತದೆ, ಬೆವರು, ಮಳೆ ನೀರು ಸೇರಿದರೆ ಅಷ್ಟೇ ಸಾಕು ಪ್ರಾಣ ತೆಗೆಯಲು. ಒಣ ಹಲಗೆ ಮೇಲೆ ನಿಂತು ಕೆಲಸ ಮಾಡಿ.

ಪ್ರಶ್ನೆ: ಮನೆಯ 16 ಆಂಪ್ ಸಾಕೆಟ್‌ಗೆ ಇನ್ವರ್ಟರ್ ಮೆಷಿನ್ ಹಾಕಬಹುದೇ? ನಮ್ಮಲ್ಲಿ ಕೆಲವರು ಸೀದಾ ಕಂಬದ ಲೈನಿಗೆ ಕೊಕ್ಕೆ ಹಾಕುತ್ತಾರೆ. (ಹಾಸನ ಜಿಲ್ಲೆಯ ಓದುಗರು)

ಉತ್ತರ: ಲೆಕ್ಕ ಹಾಕಿ ನೋಡೋಣ. 2.5 ರಾಡ್ 80 ಆಂಪ್‌ನಲ್ಲಿ ಉರಿಯುವಾಗ ಆರ್ಕಿನಲ್ಲಿ ಸುಮಾರು 23 ವೋಲ್ಟ್ ಇರುತ್ತದೆ. ಗುಣಿಸಿದರೆ 1,840 ವ್ಯಾಟ್. ಮೆಷಿನ್ ಒಳಗೇ ತಿನ್ನುವುದು, ಪವರ್ ಫ್ಯಾಕ್ಟರ್ (ಎಳೆದ ಕರೆಂಟ್ ಪೂರ್ತಿ ಕೆಲಸಕ್ಕೆ ಬಾರದಿರುವುದು) ಎಲ್ಲ ಸೇರಿ ಸಾಕೆಟ್ಟಿನಿಂದ ಎಳೆಯುವುದು 13–14 ಆಂಪ್. ಅಂದರೆ ಸಾಕೆಟ್, ವೈರ್ ಚೆನ್ನಾಗಿದ್ದರೆ ನಡೆಯುತ್ತದೆ. ಅದೇ 3.15 ರಾಡ್‌ಗೆ 120 ಆಂಪ್ ಇಟ್ಟರೆ ಎಳೆತ 20 ಆಂಪ್ ದಾಟುತ್ತದೆ. ಆಗ ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಬೇಕು: 32 ಆಂಪ್ ಎಂಸಿಬಿ, 6 ಚದರ ಮಿ.ಮೀ. ತಾಮ್ರದ ವೈರ್, ಸರಿಯಾದ ಅರ್ತಿಂಗ್. ಮನೆಗೆ ಮಂಜೂರಾದ ಲೋಡ್ ಎಷ್ಟಿದೆ ಅಂತ ಬಿಲ್ಲಿನಲ್ಲಿ ನೋಡಿ. ಕಮ್ಮಿ ಇದ್ದರೆ ಅರ್ಜಿ ಕೊಟ್ಟು ಏರಿಸಿಕೊಳ್ಳಿ.

ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವ ಊರಲ್ಲಿ ಅದೇ 2.5 ರಾಡ್ ಕೂಡ 17 ಆಂಪ್ ಎಳೆಯುತ್ತದೆ. ಪ್ಲಗ್ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ನಿಲ್ಲಿಸಿಬಿಡಿ. ಬೆಳಗ್ಗೆ ಮಾಡಿ. ಉದ್ದದ ತೆಳು ಎಕ್ಸ್‌ಟೆನ್ಷನ್ ಬೇಡ, ಅದರಲ್ಲೂ ಸುರುಳಿ ಬಿಚ್ಚದೆ ಖಂಡಿತ ಬೇಡ.

ಕೊಕ್ಕೆಯ ಬಗ್ಗೆ ಏನು ಹೇಳಲಿ? ಅದು ಕಳ್ಳತನ, ಜೊತೆಗೆ ಅಲ್ಲಿ ಫ್ಯೂಸ್ ಇಲ್ಲ, ಎಂಸಿಬಿ ಇಲ್ಲ, ಶಾಕ್ ಹೊಡೆದರೆ ಲೈನ್ ತಪ್ಪಿಸುವವರು ಯಾರೂ ಇಲ್ಲ. ದಯವಿಟ್ಟು ಮಾಡಬೇಡಿ.

ಪ್ರಶ್ನೆ: ಸಾರ್, ರಾಡ್ ಪದೇ ಪದೇ ಅಂಟಿಕೊಳ್ಳುತ್ತದೆ. ಆಂಪ್ ಏರಿಸಿದರೆ ಚೌಕ ಪೈಪು ತೂತಾಗುತ್ತದೆ. ಮಧ್ಯದ ದಾರಿಯೇ ಇಲ್ಲವಾ?

ಉತ್ತರ: ನೀವು ತಂದಿರುವ ಪೈಪು 18 ಗೇಜ್ ಇರಬೇಕು, ದಪ್ಪ ಬರೀ 1.2 ಮಿ.ಮೀ. ಅದರ ಮೇಲೆ ಕಲಿಯುವುದು ಈಜು ಬಾರದವರು ಹೊಳೆಗೆ ಇಳಿದ ಹಾಗೆ. ಮೊದಲು ದಪ್ಪ ಪಟ್ಟಿ, ಆಮೇಲೆ 14 ಗೇಜ್, ಅಂದರೆ 2 ಮಿ.ಮೀ. ತೆಳು ಪೈಪಿಗೆ 2 ಮಿ.ಮೀ. ರಾಡ್ ಸಿಗುತ್ತದೆ, 45–50 ಆಂಪ್ ಇಡಿ, ಹೋಲ್ಡರನ್ನು ಮೈನಸ್‌ಗೆ ಹಾಕಿ. ಉದ್ದಕ್ಕೆ ಎಳೆಯಬೇಡಿ. ಒಂದು ಟ್ಯಾಕ್, ಅಂದರೆ ಚುಕ್ಕಿಯಷ್ಟು ವೆಲ್ಡ್, ಹೊಡೆದು, ಕೆಂಪು ಆರುವವರೆಗೆ ತಡೆದು, ಪಕ್ಕದಲ್ಲಿ ಇನ್ನೊಂದು. ಅಂಟಿಕೊಂಡಾಗ ಜಗ್ಗಾಡಬೇಡಿ, ಕೈ ತಿರುವಿ ಕಿತ್ತುಬಿಡಿ. ಬರದಿದ್ದರೆ ಹೋಲ್ಡರ್ ಒತ್ತಿ ರಾಡ್ ಬಿಟ್ಟುಬಿಡಿ.

ಪ್ರಶ್ನೆ: ವೆಲ್ಡಿಂಗ್ ನೋಡಿದ ರಾತ್ರಿ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿ. ಆಲೂಗಡ್ಡೆ ಇಟ್ಟುಕೊಳ್ಳಿ ಅಂತಾರೆ, ತಾಯಿ ಹಾಲು ಬಿಡಿ ಅಂತಾರೆ. ಸರಿಯೇ?

ಉತ್ತರ: ಎರಡೂ ಬೇಡ. ಆರ್ಕಿನ ನೇರಳಾತೀತ ಕಿರಣ ಕಣ್ಣಿನ ಮೇಲ್ಪದರವನ್ನು ಸುಟ್ಟಿರುತ್ತದೆ, ಬಿಸಿಲಿಗೆ ಚರ್ಮ ಸುಟ್ಟ ಹಾಗೆ. ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ನೋವು ಏಳುತ್ತದೆ, ಹಾಗಾಗಿ ಬೆಳಕು ನೋಡುವ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ನನಗೆ ಮೊದಲ ವರ್ಷ ಮೂರು ಸಲ ಆಗಿದೆ. ಬೆಳಗಿನ ಜಾವ ಎರಡಕ್ಕೆ ಎದ್ದು ಕೂತು ಅತ್ತಿದ್ದೇನೆ. ಸುಟ್ಟ ಕಣ್ಣಿಗೆ ಹಸಿ ತರಕಾರಿ ಇಟ್ಟರೆ ಸೋಂಕು ತಗಲಬಹುದು. ಕಣ್ಣು ಮುಚ್ಚಿ, ಮೇಲೆ ತಣ್ಣೀರು ಬಟ್ಟೆ ಇಟ್ಟು ಕತ್ತಲೆಯಲ್ಲಿ ಮಲಗಿ, ಉಜ್ಜಬೇಡಿ, ಬೆಳಗ್ಗೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಮಕ್ಕಳು ನೋಡಲು ಓಡಿ ಬರುತ್ತಾರೆ, ಮೊದಲು ಅವರನ್ನು ದೂರ ಕಳಿಸಿ, ಆಮೇಲೆ ರಾಡ್ ಹಚ್ಚಿ.

ಪ್ರಶ್ನೆ: ಜಿಐ ಪೈಪ್ ವೆಲ್ಡ್ ಮಾಡಿದ ಸಂಜೆ ಚಳಿ ಜ್ವರ ಬಂತು. ಹಾಲು ಕುಡಿದರೆ ಬರಲ್ಲ ಅಂತಾರಲ್ಲ?

ಉತ್ತರ: ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ. ಜಿಐ ಮೇಲಿನ ಸತುವು ಸುಟ್ಟಾಗ ಬರುವ ಬಿಳಿ ಹೊಗೆಯೇ ಕಾರಣ. ವೆಲ್ಡ್ ಮಾಡುವ ಜಾಗದ ಎರಡೂ ಕಡೆ ಎರಡೆರಡು ಬೆರಳಗಲ ಸತುವನ್ನು ಗ್ರೈಂಡರಿನಿಂದ ತೆಗೆಯಿರಿ, ಆ ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿ. ಬಯಲಲ್ಲಿ, ಗಾಳಿ ನಿಮ್ಮ ಪಕ್ಕದಿಂದ ಬೀಸುವ ಹಾಗೆ ಕೂರಿ. ಜ್ವರ ಎರಡು ದಿನಕ್ಕೂ ಇಳಿಯದಿದ್ದರೆ, ಉಸಿರು ಕಟ್ಟಿದ ಹಾಗಾದರೆ, ಡಾಕ್ಟರಿಗೆ ಜಿಐ ವೆಲ್ಡ್ ಮಾಡಿದ್ದನ್ನು ಹೇಳಲು ಮರೆಯಬೇಡಿ. ಹಾಗೆಯೇ ಹಳೇ ಡೀಸೆಲ್, ಪೆಟ್ರೋಲ್ ಡ್ರಮ್ಮು ಯಾರಾದರೂ ತಂದುಕೊಟ್ಟರೆ ವಾಪಸ್ ಕಳಿಸಿ. ಖಾಲಿ ಅಂತ ಕಂಡರೂ ಒಳಗಿನ ಆವಿ ಸಿಡಿಯುತ್ತದೆ.

ಪ್ರಶ್ನೆ: ಸಾರ್, ನಾನು ಎಸ್ಸೆಸ್ಸೆಲ್ಸಿ ಪಾಸ್. ಐಟಿಐನಲ್ಲಿ ವೆಲ್ಡರ್ ಟ್ರೇಡ್ ಸೇರಬೇಕು ಅಂತ ಆಸೆ. ಹೆಣ್ಣುಮಕ್ಕಳ ಕೆಲಸ ಅಲ್ಲ ಅಂತ ಮನೆಯಲ್ಲಿ ಬೇಡ ಅಂತಿದ್ದಾರೆ.

ಉತ್ತರ: ಸೇರಮ್ಮ. ಅದು ಒಂದು ವರ್ಷದ ಕೋರ್ಸ್, ಎಂಟನೇ ತರಗತಿ ಪಾಸಾದವರಿಗೂ ಪ್ರವೇಶ ಇದೆ. ಈ ಕೆಲಸಕ್ಕೆ ಬೇಕಾಗಿರುವುದು ತೋಳಿನ ಬಲಕ್ಕಿಂತ ಕೈಯ ಹದ. ರಂಗೋಲಿ ಎಳೆ ಒಂದೇ ಸಮ ಬಿಡಲು ಬರುವ ಕೈಗೆ ರಾಡ್ ಎಳೆಯಲು ಬೇಗ ಬರುತ್ತದೆ, ನನ್ನ ಶೆಡ್ಡಿನಲ್ಲಿ ಕಲಿತ ಇಬ್ಬರು ಹುಡುಗಿಯರಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಕೋರ್ಸ್ ಆದಮೇಲೆ ಅಪ್ರೆಂಟಿಸ್ ಆಗಿ ಸೇರು, ರಾಡ್ ಜೊತೆ ಮಿಗ್, ಟಿಗ್ (ಗ್ಯಾಸ್ ಜೊತೆ ಟಂಗ್‌ಸ್ಟನ್ ಕಡ್ಡಿಯಿಂದ ಮಾಡುವ ವೆಲ್ಡಿಂಗ್) ಎರಡನ್ನೂ ಕೈಗೆ ಹತ್ತಿಸಿಕೋ. ಬೆಂಗಳೂರಿನ ಬಿಇಎಂಎಲ್‌ನಲ್ಲಿ ರೈಲು ಬೋಗಿ ತಯಾರಾಗುವುದೇ ವೆಲ್ಡಿಂಗ್ ಮೇಲೆ. ಇನ್ನೂ ಮುಂದೆ ಹೋಗಬೇಕು ಅನಿಸಿದರೆ ತಿರುಚಿರಾಪಳ್ಳಿಯಲ್ಲಿ ಬಿಎಚ್‌ಇಎಲ್‌ನವರು 1975ರಲ್ಲಿ ಶುರು ಮಾಡಿದ ವೆಲ್ಡಿಂಗ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ, ಅಲ್ಲಿ ತರಬೇತಿ ಕೊಡುತ್ತಾರೆ.

ಮನೆಯವರನ್ನು ಒಂದು ದಿನ ಐಟಿಐ ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ ತೋರಿಸು, ಅವರ ಭಯ ಏನು ಅಂತ ಅಲ್ಲಿಯ ಮೇಷ್ಟ್ರ ಎದುರೇ ಕೇಳಲಿ. ಮೊದಲ ದಿನ ದಪ್ಪ ಹತ್ತಿ ಬಟ್ಟೆ ಹಾಕಿಕೊಂಡು ಹೋಗು, ಪಾಲಿಯೆಸ್ಟರ್ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಹಿಡಿಯುತ್ತದೆ. ದುಪಟ್ಟಾ ಬ್ಯಾಗಿನಲ್ಲಿರಲಿ, ಕೂದಲು ಬಿಗಿಯಾಗಿ ಕಟ್ಟು, ಕಾಲಿಗೆ ಮುಚ್ಚಿದ ಶೂ, ಪ್ಯಾಂಟಿನ ಅಂಚು ಶೂ ಮೇಲೆ ಬರಲಿ, ಒಳಗೆ ಸಿಕ್ಕಿಸಬೇಡ. ಮೊದಲ ಟಿ ಜಾಯಿಂಟ್ ಮುರಿದು ನೋಡಿದ ದಿನ ನನಗೆ ಬರೆ. ಒಳಗೆ ಏನು ಕಂಡಿತು ಅಂತ ತಿಳಿಸು.