ದೇವರಿಗೆ ಮೊದಲ ಸ್ಥಾನ ಕೊಡುವುದೆಂದರೆ ಯಾವ ಕೆಲಸವನ್ನು ಬಿಡುವುದು?

ಸಹೋದರಿ, ತಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಾವು ಬೆಳಗಾವಿಯಲ್ಲಿ ಕೆಲಸಕ್ಕೆ ಹೋಗುವವರು, ಇಬ್ಬರು ಸಣ್ಣ ಮಕ್ಕಳ ತಾಯಿ. ಮುಂಜಾನೆ ಐದಕ್ಕೆ ಎದ್ದರೂ ರಾತ್ರಿ ಹನ್ನೊಂದರವರೆಗೆ ಸತ್ಯವೇದ (ಬೈಬಲ್) ತೆರೆಯಲು ಹತ್ತು ನಿಮಿಷ ಸಿಗುವುದಿಲ್ಲ, ಭಾನುವಾರವೂ ಸ್ತ್ರೀಯರ ಸಂಘದ ಕೆಲಸವಿರುತ್ತದೆ, ಮಾರ್ಥ ಮತ್ತು ಮರಿಯರ ಕಥೆಯ ಮೇಲೆ ಪ್ರಸಂಗ ಕೇಳಿದಾಗಲೆಲ್ಲ ತಲೆ ತಗ್ಗಿಸಿ ಕೂರುತ್ತೇನೆ ಎಂದು ಬರೆದಿದ್ದೀರಿ. ದೇವರಿಗೆ ಮೊದಲ ಸ್ಥಾನ ಕೊಡುವುದು ಹೇಗೆ ಎಂದು ಕೇಳಿದ್ದೀರಿ. ನಾನು ದೇವಶಾಸ್ತ್ರ ಓದಿದವನಲ್ಲ. ಬಾಗಲಕೋಟೆಯ ನವನಗರದಲ್ಲಿರುವ ನಿವೃತ್ತ ಶಿಕ್ಷಕ. ಹದಿನಾಲ್ಕು ವರ್ಷ ನಮ್ಮ ಚರ್ಚಿನ ಸಭೆಯ ಖಜಾಂಚಿಯಾಗಿದ್ದೆ. ಆ ಅವಧಿಯಲ್ಲಿ ನಾನೇ ಮಾಡಿದ ತಪ್ಪಿನಿಂದ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ತಮ್ಮ ಪ್ರಶ್ನೆಯೊಳಗಿನ ಒಂದು ಮಾತನ್ನು ತಿದ್ದಬೇಕಾಗಿದೆ. ಸಮಯ ಸಿಗುವುದಿಲ್ಲ ಎಂದಿದ್ದೀರಿ. ಅದು ಯಾರಿಗೂ ಸಿಗುವುದಿಲ್ಲ. ನಿವೃತ್ತನಾದ ನನಗೂ ಸಿಗಲಿಲ್ಲ. ಯಾವುದಾದರೊಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು, ಅದು ಅರ್ಧಕ್ಕೇ ಉಳಿಯಲಿ ಎಂದು ಒಪ್ಪಿಕೊಂಡಾಗ ಮಾತ್ರ ಪ್ರಾರ್ಥನೆಗೆ ಜಾಗವಾಗುತ್ತದೆ. ಬಿಡುವ ಕೆಲಸಕ್ಕೆ ಒಂದು ಬೆಲೆ ಇರುತ್ತದೆ, ಆ ಬೆಲೆಯನ್ನು ತೆರಲು ಮನಸ್ಸು ಒಪ್ಪದಿರುವುದೇ ನಮ್ಮ ನಿಜವಾದ ತೊಡಕು.

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಕೊನೆಯ ಐದು ವಚನಗಳಲ್ಲಿರುವ ಆ ಕಥೆಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಯೇಸುವನ್ನು ಮನೆಗೆ ಬರಮಾಡಿಕೊಂಡವಳು ಮಾರ್ಥಳೇ. ಅವಳ ತಂಗಿ ಮರಿಯಳು ಯೇಸುವಿನ ಪಾದದ ಬಳಿ ಕುಳಿತು ಆತನ ಮಾತು ಕೇಳುತ್ತಿದ್ದಳು. ಮಾರ್ಥಳು ಮಾಡುತ್ತಿದ್ದ ಉಪಚಾರಕ್ಕೆ ಮೂಲ ಗ್ರೀಕಿನಲ್ಲಿ ಬಳಸಿರುವ ದಿಯಾಕೋನಿಯ ಎಂಬ ಪದದ ಬಳಗದಿಂದಲೇ ಮುಂದೆ ಸಭೆಯ ಸೇವಕರಿಗೆ ಡೀಕನ್ ಎಂಬ ಹೆಸರು ಬಂದದ್ದು. ಆದ್ದರಿಂದ ಅದು ಕೀಳು ಕೆಲಸವಾಗಿರಲಿಲ್ಲ. ಆದರೆ ಅವಳ ಮನಸ್ಸಿನ ಸ್ಥಿತಿಯನ್ನು ಹೇಳುವ ಕ್ರಿಯಾಪದಕ್ಕೆ, ಸುತ್ತಲಿಂದಲೂ ಎಳೆದಾಡಿಸಿಕೊಳ್ಳುವುದು ಎಂಬ ಅರ್ಥವಿದೆ. ಅತಿಥಿ ಎದುರಿಗೇ ಕುಳಿತಿದ್ದಾನೆ, ಅವಳು ಮಾತ್ರ ಹತ್ತು ಕಡೆಗೆ ಹರಿದುಹೋಗಿದ್ದಾಳೆ. ಕೊನೆಗೆ ಅವಳು ಬಂದು ತಂಗಿಯನ್ನು ಬೈಯುವುದಿಲ್ಲ, ಯೇಸುವನ್ನೇ ಆಕ್ಷೇಪಿಸುತ್ತಾಳೆ: ನಿನಗೆ ಚಿಂತೆಯಿಲ್ಲವೇ, ನನಗೆ ನೆರವಾಗಲು ಅವಳಿಗೆ ಹೇಳು ಎನ್ನುತ್ತಾಳೆ. ಸೇವೆ ಮಾಡಲು ಹೊರಟವಳು ಕರ್ತನಿಗೇ ಅಪ್ಪಣೆ ಕೊಡುವ ಮಟ್ಟಕ್ಕೆ ಬಂದು ನಿಂತಳು. ಈ ಜಾಗದಲ್ಲಿ ನನಗೆ ಯಾವಾಗಲೂ ನನ್ನ ಮುಖವೇ ಕಾಣುತ್ತದೆ.

ಏಕೆಂದರೆ ನಾನು ಖಜಾಂಚಿಯಾಗಿದ್ದಾಗ ನಮ್ಮ ಸಭೆಯ ಸುಗ್ಗಿ ಹಬ್ಬದ ಪೂರ್ತಿ ಭಾರ ನನ್ನದಾಗಿತ್ತು. ಜೋಳದ ಚೀಲ, ಕುಂಬಳಕಾಯಿ, ಕಬ್ಬು, ಮೊಟ್ಟೆ, ಕೋಳಿ, ಜನ ತಂದೊಪ್ಪಿಸಿದ್ದನ್ನೆಲ್ಲ ಬರೆದುಕೊಳ್ಳಬೇಕು, ಆರಾಧನೆ ಮುಗಿದ ಮೇಲೆ ಹರಾಜು ಹಾಕಬೇಕು, ಊಟದ ಪೆಂಡಾಲು ನೋಡಬೇಕು. ಒಂದು ವರ್ಷ ಹರಾಜಿನಲ್ಲಿ ಒಂದು ಕುಂಬಳಕಾಯಿಯನ್ನೇ ಮೂರು ಮಂದಿ ಕೊಂಡು ಮೂರು ಸಲವೂ ಸಭೆಗೇ ಬಿಟ್ಟುಕೊಟ್ಟು ಒಳ್ಳೆಯ ಹಣ ಬಂತು. ನಾನು ಬಹಳ ಹಿಗ್ಗಿನಲ್ಲಿದ್ದೆ. ಆಗ ಕಾಯಿಲೆಯಿಂದ ತಡವಾಗಿ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಮುದುಕಿ ನನ್ನ ತೋಳು ಹಿಡಿದು, "ಯಪ್ಪಾ, ಇವತ್ತ ವಾಕ್ಯ ಯಾವುದಿತ್ತು? ನನಗ ಕೇಳಿಸಲಿಲ್ಲ" ಎಂದಳು. ಎರಡು ಗಂಟೆ ಅದೇ ಗುಡಿಯೊಳಗಿದ್ದ ನನಗೂ ಗೊತ್ತಿರಲಿಲ್ಲ. ಪ್ರಸಂಗದ ಹೊತ್ತಿನಲ್ಲಿ ನಾನು ಎಷ್ಟು ಎಲೆ ಹಾಕಬೇಕೆಂದು ತಲೆ ಎಣಿಸುತ್ತಿದ್ದೆ. ಅವಳಿಗೆ ಏನೋ ಹಾರಿಕೆಯ ಉತ್ತರ ಕೊಟ್ಟೆ. ದೇವರಿಂದ ನನ್ನನ್ನು ದೂರ ಮಾಡಿದ್ದು ಸಂಸಾರವೂ ಅಲ್ಲ, ಶಾಲೆಯೂ ಅಲ್ಲ, ದೇವರ ಹೆಸರಿನಲ್ಲಿ ನಾನೇ ಹೊತ್ತುಕೊಂಡಿದ್ದ ಕೆಲಸ. ತಮ್ಮ ಸ್ತ್ರೀಯರ ಸಂಘದ ಕೆಲಸವನ್ನೂ ಈ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ ಎನ್ನುವುದು ಇದಕ್ಕಾಗಿ.

ಇದಕ್ಕೆ ತದ್ವಿರುದ್ಧವಾದ ಒಂದು ಜೀವವನ್ನು ನಾನು ಬಾಲ್ಯದಲ್ಲೇ ಹತ್ತಿರದಿಂದ ಕಂಡಿದ್ದೆ, ಅದು ನನ್ನ ಅವ್ವ. ನಮ್ಮದು ಗುಳೇದಗುಡ್ಡ, ಖಣದ, ಅಂದರೆ ಕುಪ್ಪಸದ ಬಟ್ಟೆಯ ಊರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1851ರಲ್ಲಿ ಅಲ್ಲಿ ಕೇಂದ್ರ ತೆರೆದಿತ್ತು. ಆ ಮಿಷನ್ನಿನವರು ದುಡಿಮೆಯನ್ನು ಹಗುರವಾಗಿ ಕಂಡವರಲ್ಲ. ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆ ನಡೆಸಿದವರು, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದವರು. ಆದರೆ ಅವರೇ ಮನೆಮಂದಿಯೆಲ್ಲ ಕೂಡಿ ಮುಂಜಾನೆ ಸತ್ಯವೇದ ಓದಿ ಪ್ರಾರ್ಥಿಸುವ ರೂಢಿಯನ್ನೂ ಬಿಟ್ಟುಹೋದರು. ನಮ್ಮ ಮನೆಯಲ್ಲಿ ಕುಣಿಮಗ್ಗವಿತ್ತು. ಅವ್ವ ಅದರೊಳಗೆ ಕಾಲು ಇಳಿಬಿಟ್ಟು ಕುಳಿತರೆ ಲಾಳಿಯ ಸದ್ದು ನಿಲ್ಲುತ್ತಿರಲಿಲ್ಲ, ನಾನು ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದೆ. ಕೂಲಿ ದಿನದ ಲೆಕ್ಕದ್ದಲ್ಲ, ನೇಯ್ದ ಖಣದ ಲೆಕ್ಕದ್ದು. ಅರ್ಧ ತಾಸು ಹೋದರೆ ಅಷ್ಟು ದುಡ್ಡು ಹೋಯಿತು. ಆದರೂ ಮುಂಜಾನೆ ಮಗ್ಗಕ್ಕಿಳಿಯುವ ಮುನ್ನ ಅವಳು ಗೋಡೆಗೆ ಆತು ಕುಳಿತು ಸತ್ಯವೇದದ ಒಂದು ಕೀರ್ತನೆಯನ್ನು ನನ್ನಿಂದ ಓದಿಸುತ್ತಿದ್ದಳು, ತನಗೆ ಓದು ಬಾರದು. ವಾರದ ಕೊನೆಗೆ ಮಾಲು ಒಪ್ಪಿಸುವ ಅವಸರವಿದ್ದ ಒಂದು ದಿನ, ಇವತ್ತೊಂದಿನ ಬಿಡೋಣವೇ ಎಂದು ಕೇಳಿದೆ. "ಮಗ್ಗ ಎಲ್ಲೂ ಓಡಿ ಹೋಗಂಗಿಲ್ಲೋ, ಓದು" ಎಂದಳು. ಆ ವಾರ ಒಂದು ಖಣ ಕಡಿಮೆ ಬಿತ್ತು, ಸಂತೆಯಲ್ಲಿ ಬೆಲ್ಲ ತರಲಿಲ್ಲ. ಅವಳು ಅದನ್ನು ಯಾರ ಮುಂದೆಯೂ ತ್ಯಾಗವೆಂದು ಹೇಳಿಕೊಳ್ಳಲಿಲ್ಲ, ಬೆಲ್ಲವಿಲ್ಲದ ಚಹಾ ಕುಡಿದಳು, ಅಷ್ಟೇ.

ಇದು ಹೊಸ ವಿಚಾರವೇನೂ ಅಲ್ಲ. ಸತ್ಯವೇದದ ವಿಮೋಚನಕಾಂಡದ 34ನೆಯ ಅಧ್ಯಾಯದಲ್ಲಿ ಏಳನೆಯ ದಿನದ ವಿಶ್ರಾಂತಿಯನ್ನು ಹೇಳುವಾಗ, ಉಳುವ ಕಾಲದಲ್ಲಿಯೂ ಕೊಯ್ಯುವ ಕಾಲದಲ್ಲಿಯೂ ಅದನ್ನು ಬಿಡಬಾರದೆಂದು ಸೇರಿಸಿದೆ. ಹೊಲವಿದ್ದವರಿಗೆ ಈ ಮಾತಿನ ಬಿಸಿ ತಟ್ಟುತ್ತದೆ: ಕೈ ಬಿಟ್ಟರೆ ನಷ್ಟವಾಗುವ ದಿನವೇ ಕೈ ಬಿಡು ಎಂಬ ಆಜ್ಞೆ ಅದು. ಆರನೆಯ ಶತಮಾನದ ಕ್ರೈಸ್ತ ಸನ್ಯಾಸಿ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ, ಪ್ರಾರ್ಥನೆಯ ಕರೆ ಕೇಳಿದೊಡನೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಹೊರಡಬೇಕು, ದೇವರ ಕಾರ್ಯಕ್ಕಿಂತ ಯಾವುದನ್ನೂ ಮುಂದಿಡಬಾರದು ಎಂದು ವಿಧಿಸಿದರು. ಅದೇ ನಿಯಮ ಸೋಮಾರಿತನವನ್ನು ಆತ್ಮದ ವೈರಿ ಎಂದೂ ಕರೆಯುತ್ತದೆ. ಕೆಲಸ ಮುಗಿಸಿ ಬನ್ನಿ ಎಂದು ಅವರು ಹೇಳಲಿಲ್ಲ, ಕೆಲಸ ಮುಗಿಯುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಭಕ್ತಿಯನ್ನು ನೆಪ ಮಾಡಿಕೊಂಡು ಮನುಷ್ಯರಿಂದ ತಪ್ಪಿಸಿಕೊಳ್ಳಬಾರದು. ಲೂಕನು ಮಾರ್ಥಳ ಕಥೆಗೆ ಸ್ವಲ್ಪ ಮುಂಚೆಯೇ, ದಾರಿಯಲ್ಲಿ ಬಿದ್ದವನನ್ನು ಕಂಡೂ ಪಕ್ಕಕ್ಕೆ ಸರಿದುಹೋದ ಯಾಜಕನ ಮತ್ತು ದೇವಾಲಯದ ಸೇವಕನಾದ ಲೇವಿಯನ ಸಾಮ್ಯಕಥೆಯನ್ನು ಇಟ್ಟಿದ್ದಾನೆ. ಮಗುವಿಗೆ ಜ್ವರ ಬಂದ ದಿನ ತಾವು ಸತ್ಯವೇದ ತೆರೆಯಲಿಲ್ಲವೆಂದು ಕೊರಗಬೇಕಾಗಿಲ್ಲ.

ಇನ್ನೊಂದು ಮಾತನ್ನು ಕೊಂಚ ಖಾರವಾಗಿಯೇ ಹೇಳುತ್ತೇನೆ. ಈ ಕಥೆಯ ಮೇಲೆ ಪ್ರಸಂಗ ಮಾಡುವ ಗಂಡಸರು, ಅದನ್ನು ಕೇಳಿ ತಲೆದೂಗುವ ನನ್ನಂಥ ಗಂಡಸರು, ಪ್ರಸಂಗ ಮುಗಿದ ಮೇಲೆ ಹೆಂಗಸರು ಮಾಡಿದ ಅಡುಗೆಗೆ ಸಾಲಾಗಿ ಕೂರುತ್ತೇವೆ. ಆ ಕಾಲದಲ್ಲಿ ಪಾದದ ಬಳಿ ಕೂರುವುದೆಂದರೆ ಗುರುವಿನ ಬಳಿ ಶಿಷ್ಯವೃತ್ತಿ ಮಾಡುವುದು. ಅಪೊಸ್ತಲನಾದ ಪೌಲನೂ ತಾನು ಯೆಹೂದಿ ಗುರು ಗಮಲಿಯೇಲನ ಪಾದದ ಬಳಿ ಕಲಿತೆನೆಂದೇ ಹೇಳುತ್ತಾನೆ. ಯೇಸು ಒಬ್ಬ ಹೆಣ್ಣುಮಗಳಿಗೆ ಆ ಜಾಗವನ್ನು ಕೊಟ್ಟು, ಅದು ಅವಳಿಂದ ತೆಗೆಯಲ್ಪಡುವುದಿಲ್ಲ ಎಂದನು. ಹಾಗಾದರೆ ಒಲೆಯ ಮುಂದೆ ಖಾಲಿಯಾದ ಜಾಗಕ್ಕೆ ಯಾರು ಹೋಗಬೇಕೆಂಬ ಪ್ರಶ್ನೆಗೆ ನಾವು ಗಂಡಸರು ಉತ್ತರ ಕೊಡಬೇಕು. ನಾನು ಅರವತ್ತರ ವಯಸ್ಸಿನಲ್ಲಿ ರೊಟ್ಟಿ ಬಡಿಯಲು ಕಲಿತೆ. ಅವು ಇಂದಿಗೂ ದುಂಡಗಾಗುವುದಿಲ್ಲ, ಆದರೆ ನನ್ನ ಹೆಂಡತಿ ಆ ಹೊತ್ತಿನಲ್ಲಿ ಕುಳಿತು ಓದುತ್ತಾಳೆ.

ತಮಗೆ ದೊಡ್ಡ ಯೋಜನೆ ಬೇಡ. ಕೀರ್ತನೆಗಳು 150, ದಿನಕ್ಕೆ ಐದರಂತೆ ಓದಿದರೆ ತಿಂಗಳಿಗೆ ಮುಗಿಯುತ್ತವೆ ಎಂದು ಕೆಲವರು ಹೇಳುತ್ತಾರೆ, ಅದು ನನ್ನಂಥ ನಿವೃತ್ತರಿಗೆ ಸರಿ. ತಾವು ದಿನಕ್ಕೆ ಒಂದನ್ನು ಓದಿ, 119ನೆಯದು 176 ವಚನಗಳದ್ದು, ಅದನ್ನು ಹಲವು ದಿನಗಳಿಗೆ ಹಂಚಿಕೊಳ್ಳಿ. ಮೊಬೈಲಿನಲ್ಲಿ ಓದಬೇಡಿ, ವಾಕ್ಯದ ಮೇಲೆಯೇ ಶಾಲೆಯ ಗ್ರೂಪಿನ ಮೆಸೇಜು ಬಂದು ಕೂರುತ್ತದೆ. ಓದುವ ಹೊತ್ತಿಗಾಗಿ ಯಾವ ಕೆಲಸ ಉಳಿಯಬೇಕೆಂಬುದನ್ನು ಹಿಂದಿನ ರಾತ್ರಿಯೇ ಹೆಸರಿಟ್ಟು ನಿಶ್ಚಯಿಸಿ, ಪಾತ್ರೆಯೋ, ಇಸ್ತ್ರಿಯೋ, ಸಂಘದ ಲೆಕ್ಕವೋ. ಉಳಿದದ್ದನ್ನು ಅತ್ತೆಯವರಾಗಲಿ ನೆರೆಯವರಾಗಲಿ ಎತ್ತಿ ಆಡಿದರೆ ಒಂದೆರಡು ವಾರ ಕೇಳಿಸಿಕೊಳ್ಳಬೇಕಾಗಬಹುದು.

ಯೋಹಾನನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಮಾರ್ಥಳು ಮತ್ತೊಮ್ಮೆ ಬರುತ್ತಾಳೆ. ಅವರ ಊರಾದ ಬೇಥಾನ್ಯದಲ್ಲಿ ಊಟ ನಡೆದಿದೆ, ಅವಳು ಆಗಲೂ ಬಡಿಸುತ್ತಲೇ ಇದ್ದಾಳೆ, ಮರಿಯಳು ಆಗಲೂ ಯೇಸುವಿನ ಪಾದದ ಬಳಿಯೇ ಇದ್ದಾಳೆ. ಆ ಸಲ ಮಾರ್ಥಳು ಯಾರ ಮೇಲೂ ದೂರು ಹೇಳಲಿಲ್ಲ.